ಮಾರಲಾಗದ ಮದ್ದು

ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತೀರಿ, ಅಷ್ಟೇ. ಸೂರು, ಫ್ಯಾನು, ಗೋಡೆಯ ಕ್ಯಾಲೆಂಡರು ಎಲ್ಲ ಗಿರ್ರನೆ ತಿರುಗತೊಡಗುತ್ತವೆ. ಮಂಚದ ಅಂಚು ಹಿಡಿದುಕೊಂಡರೂ ನಿಲ್ಲುವುದಿಲ್ಲ. ಅರ್ಧ ನಿಮಿಷ ಕಳೆದರೆ ಎಲ್ಲ ಮೊದಲಿನಂತೆ. ಎದ್ದು ಕೂತರೆ ಮತ್ತೆ ಅದೇ ಪಾಡು, ಜೊತೆಗೆ ವಾಕರಿಕೆ. ಅಷ್ಟರಲ್ಲಿ ಮನೆಯಲ್ಲಿ ರೋಗ ಪತ್ತೆಯಾಗಿಬಿಟ್ಟಿರುತ್ತದೆ. ಅತ್ತೆಯ ಪ್ರಕಾರ ಪಿತ್ತ, ಮಗನ ಪ್ರಕಾರ ಲೋ ಬಿ.ಪಿ., ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಪ್ರಕಾರ ಕುತ್ತಿಗೆ ಮೂಳೆ ಸವೆತ. ನಿಂಬೆಹಣ್ಣಿನ ಪಾನಕ ಕುಡಿದು, ಕೊತ್ತಂಬರಿ ಬೀಜದ ಕಷಾಯ ಕುಡಿದು, ಕೊನೆಗೆ ಆಟೋ ಹತ್ತಿ ಡಾಕ್ಟರ ಹತ್ತಿರ ಹೋದರೆ ಒಂದು ಇಂಜೆಕ್ಷನ್ನು, ಒಂದು ಬಾಟ್ಲಿ ಗ್ಲೂಕೋಸು, ತಲೆಸುತ್ತಿನ ಮಾತ್ರೆ. ಮೇಷ್ಟ್ರ ಮಾತು ಗೆದ್ದರೆ ಕುತ್ತಿಗೆಗೊಂದು ಪಟ್ಟಿ. ಇನ್ನೂ ದೊಡ್ಡ ಆಸ್ಪತ್ರೆಯಾದರೆ ತಲೆಯ ಸ್ಕ್ಯಾನಿಂಗು.

ಇಷ್ಟೆಲ್ಲದರ ನಡುವೆ ಯಾರೂ ಮಾಡದೆ ಉಳಿಯುವ ಕೆಲಸವೊಂದಿದೆ. ರೋಗಿಯನ್ನು ಮಂಚದ ಮೇಲೆ ಒಂದು ಕ್ರಮದಲ್ಲಿ ಮಲಗಿಸಿ, ಕಣ್ಣು ನೋಡುವುದು.

ನಮ್ಮ ಚಿಕ್ಕಮ್ಮ ಕುತ್ತಿಗೆಪಟ್ಟಿ ಕಟ್ಟಿಕೊಂಡು ಒಂದಿಡೀ ಮಳೆಗಾಲ ಕಳೆದರು. ಮಗ್ಗುಲಾಗಲು ಹೆದರಿ, ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಕೊನೆಗೆ ಒಬ್ಬ ಇ.ಎನ್.ಟಿ. ವೈದ್ಯರು ಅವರನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮುಖವನ್ನು ಬಲಕ್ಕೆ ಅರ್ಧ ತಿರುಗಿಸಿ, ‘ಅಮ್ಮಾ, ಕಣ್ಣು ಮುಚ್ಚಬೇಡಿ, ನನ್ನ ಮೂಗನ್ನೇ ನೋಡ್ತಾ ಇರಿ’ ಎನ್ನುತ್ತ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಜೋತಿತ್ತು. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಎರಡೂ ಕಣ್ಣುಗುಡ್ಡೆಗಳು ಮೇಲಕ್ಕೆ ಚಿಮ್ಮುತ್ತ, ಬಲಗಿವಿಯ ಕಡೆಗೆ ತಿರುಚಿದಂತೆ ಜಗ್ಗತೊಡಗಿದವು. ‘ಅಯ್ಯೋ ಬಿದ್ದೆ, ಹಿಡ್ಕೊಳ್ರೋ’ ಎಂದು ಚಿಕ್ಕಮ್ಮ ಡಾಕ್ಟರ ಅಂಗಿಯನ್ನೇ ಹಿಡಿದುಕೊಂಡರು. ಅರ್ಧ ನಿಮಿಷದಲ್ಲಿ ಕಣ್ಣು ನಿಂತಿತು. ವೈದ್ಯರು ತಲೆಯನ್ನು ಎಡಕ್ಕೆ ಹೊರಳಿಸಿ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಇಡೀ ಮೈಯನ್ನು ಎಡಮಗ್ಗುಲಿಗೆ ತಿರುಗಿಸಿ, ಮೂಗು ನೆಲ ನೋಡುವಂತೆ ಮಾಡಿ ಮತ್ತಷ್ಟು ಹೊತ್ತು ಕಾದು, ಮೆಲ್ಲನೆ ಎಬ್ಬಿಸಿ ಕೂರಿಸಿದರು. ಮುಗಿಯಿತು. ಚಿಕ್ಕಮ್ಮನಿಗೆ ನಂಬಿಕೆಯೇ ಬರಲಿಲ್ಲ. ‘ಮಾತ್ರೆ ಬರ್ಕೊಡಿ’ ಅಂದರು. ಅವರು ಬರೆಯಲಿಲ್ಲ. ದಾರಿಯುದ್ದಕ್ಕೂ ಚಿಕ್ಕಮ್ಮನ ಗೊಣಗಾಟ ಅದೇ: ಫೀಸು ತಗೊಂಡ್ರು, ಔಷಧಿ ಕೊಡಲಿಲ್ಲ.

ಕಾಯಿಲೆಯ ಪೂರ್ತಿ ಹೆಸರು ಬಿನೈನ್ ಪೆರಾಕ್ಸಿಸ್ಮಲ್ ಪೊಸಿಷನಲ್ ವರ್ಟಿಗೊ. ಬಿ.ಪಿ.ಪಿ.ವಿ. ಎಂದರೆ ಸಾಕು. ನಮ್ಮ ಒಳಗಿವಿಯಲ್ಲಿ ದೇಹದ ಸಮತೋಲ ಕಾಯುವ ಭಾಗವೊಂದಿದೆ. ಅಲ್ಲಿ ಒಂದು ಪೊರೆಯ ಮೇಲೆ ಸುಣ್ಣದ ಅತಿಸಣ್ಣ ಹರಳುಗಳು ಕೂತಿರುತ್ತವೆ. ಪಕ್ಕದಲ್ಲೇ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು. ತಲೆ ತಿರುಗಿದ್ದನ್ನು ಮೆದುಳಿಗೆ ವರದಿ ಮಾಡುವುದು ಈ ನಾಳಗಳ ಕೆಲಸ. ವಯಸ್ಸಾಗಿಯೋ, ತಲೆಗೆ ಪೆಟ್ಟು ಬಿದ್ದೋ, ಎಷ್ಟೋ ಸಲ ಕಾರಣವೇ ತಿಳಿಯದೆಯೋ ಒಂದಷ್ಟು ಹರಳು ಕಳಚಿ ನಾಳದೊಳಕ್ಕೆ ಬೀಳುತ್ತವೆ. ಮಲಗಿದಾಗ, ಮಗ್ಗುಲಾದಾಗ, ಅಟ್ಟದ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಅವು ಉರುಳುತ್ತವೆ, ಜೊತೆಗೆ ದ್ರವವನ್ನೂ ಎಳೆಯುತ್ತವೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂಬ ಸುಳ್ಳು ವರದಿ ಮೆದುಳಿಗೆ ಹೋಗುತ್ತದೆ. ಚಿಕಿತ್ಸೆಯ ಮರ್ಮ ಗೊತ್ತಾಗಬೇಕಾದರೆ ಜಾತ್ರೆಯಲ್ಲಿ ಮಾರುವ ಗಾಜಿನ ಮುಚ್ಚಳದ ಪುಟ್ಟ ಡಬ್ಬಿ ನೆನಪು ಮಾಡಿಕೊಳ್ಳಿ. ಒಳಗಿನ ಗುಂಡುಗಳನ್ನು ಡಬ್ಬಿ ಓಲಾಡಿಸಿ ಗುಳಿಯಲ್ಲಿ ಕೂರಿಸುವ ಆಟ. ಇಲ್ಲಿ ಓಲಾಡಿಸುವುದು ರೋಗಿಯ ತಲೆಯನ್ನು.

ಇಷ್ಟು ಸರಳ ಸಂಗತಿ ಗೊತ್ತಾಗಲು ಮುಕ್ಕಾಲು ಶತಮಾನವೇ ಹಿಡಿಯಿತು. 1921ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟವರು ರಾಬರ್ಟ್ ಬರಾನಿ. ಒಳಗಿವಿಯ ಸಂಶೋಧನೆಗೆ 1914ರ ನೊಬೆಲ್ ಪಡೆದವರು ಅವರೇ. ಆ ಸುದ್ದಿ ತಲುಪಿದಾಗ ಆಸಾಮಿ ರಷ್ಯನ್ನರ ಯುದ್ಧಕೈದಿ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್, ಚಿಕ್ಕಮ್ಮನಿಗೆ ಮಾಡಿದ ಆ ಮಲಗಿಸುವ ಪರೀಕ್ಷೆಯನ್ನು ರೂಪಿಸಿದರು. ಅರವತ್ತರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಶುಕ್ನೆಕ್ಟ್ ತೀರಿಕೊಂಡವರ ಕಿವಿಮೂಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಈ ಕಣಗಳ ಮೇಲೆ ಬೊಟ್ಟು ಮಾಡಿದರು. ಆದರೆ ಚಿಕಿತ್ಸೆ? ಕಾಯುವುದು, ಇಲ್ಲವೇ ಕಿವಿಯ ನರ ಕತ್ತರಿಸುವ ನಾಜೂಕು ಶಸ್ತ್ರಚಿಕಿತ್ಸೆ.

ಆಗ ಬಂದವರು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ. ಹರಳು ನಾಳದಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದರೆ ಭೂಮಿಯ ಸೆಳೆತದಿಂದಲೇ ಅದನ್ನು ಹೊರಗೆ ಉರುಳಿಸಬಹುದಲ್ಲ ಎಂಬುದು ಅವರ ತರ್ಕ. ಚಿಕ್ಕಮ್ಮನಿಗೆ ಮಾಡಿದಂಥ ತಲೆ ಹೊರಳಿಸುವ ಕ್ರಮವನ್ನು 1980ರಲ್ಲಿ ಅನಾಹೈಮ್‌ನಲ್ಲಿ ಕಿವಿ-ಮೂಗು-ಗಂಟಲು ತಜ್ಞರ ಸಮ್ಮೇಳನದಲ್ಲಿ ಮಾಡಿ ತೋರಿಸಿದರು. ಜನ ನಂಬಲಿಲ್ಲ, ಕೆಲವರು ಎದ್ದು ಹೋದರು. ತಲೆ ಹೊರಳಿಸುತ್ತ ಕಿವಿಯ ಹಿಂದಿನ ಮೂಳೆಗೆ ಕಂಪನದ ಯಂತ್ರ ಬೇರೆ ಒತ್ತಿಹಿಡಿಯುತ್ತಿದ್ದರು. ನೋಡುವವರಿಗೆ ಮಾಟಮಂತ್ರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಲೇಖನ ಅಚ್ಚಾಗಲು 1992ರವರೆಗೆ ಕಾಯಬೇಕಾಯಿತು. ಮುಂದೆ ರಾಜ್ಯದ ವೈದ್ಯಕೀಯ ಮಂಡಳಿಯ ವಿಚಾರಣೆಯನ್ನೂ ಎದುರಿಸಿ, ದೋಷಮುಕ್ತರಾದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಅವರ ಹೆಸರಿತ್ತು.

ಎಪ್ಲಿಯನ್ನು ಹುತಾತ್ಮರನ್ನಾಗಿ ಮಾಡುವುದು ಸುಲಭ. ನನಗೆ ಅಷ್ಟು ಉತ್ಸಾಹವಿಲ್ಲ. ಅವರನ್ನು ನಂಬದಿದ್ದವರಿಗೂ ಒಂದು ನ್ಯಾಯವಾದ ಕಾರಣವಿತ್ತು. ಈ ಕಾಯಿಲೆ ಎಷ್ಟೋ ಜನರಿಗೆ ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ತಾನಾಗಿ ವಾಸಿಯಾಗುವ ಕಾಯಿಲೆಗೆ ಏನು ಕೊಟ್ಟರೂ ಹೆಸರು ಬರುತ್ತದೆ: ಕಷಾಯಕ್ಕೂ, ಮಾತ್ರೆಗೂ, ದೃಷ್ಟಿ ತೆಗೆದವರಿಗೂ. ಹಾಗಾದರೆ ತಲೆ ಹೊರಳಿಸಿದ್ದಕ್ಕೂ ಪುಕ್ಕಟೆ ಹೆಸರು ಬಂದಿಲ್ಲ ಎನ್ನಲು ಏನು ಸಾಕ್ಷಿ? ಮಾತ್ರೆಯಾದರೆ ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ತಲೆ ಹೊರಳಿಸುವುದಕ್ಕೆ ಹುಸಿ ಯಾವುದು?

ಬರ್ಲಿನ್ನಿನ ವೈದ್ಯರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. 66 ರೋಗಿಗಳಲ್ಲಿ 35 ಮಂದಿಗೆ ಕಾಯಿಲೆಯಿರುವ ಕಿವಿಯ ಲೆಕ್ಕದಲ್ಲಿ ಎಪ್ಲಿ ಕ್ರಮ. ಉಳಿದ 31 ಮಂದಿಗೂ ಅದೇ ಕ್ರಮ, ಅದೇ ಹೊರಳಾಟ. ಮಾಡಿದ್ದು ಮಾತ್ರ ಸರಿಯಿದ್ದ ಕಿವಿಗೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಮರುದಿನ ಕಣ್ಣು ಪರೀಕ್ಷಿಸಿದ ವೈದ್ಯರಿಗೂ ತಿಳಿಯದು. 24 ಗಂಟೆ ಕಳೆದ ಮೇಲೆ ಸರಿಯಾದ ಚಿಕಿತ್ಸೆ ಪಡೆದವರಲ್ಲಿ 28 ಮಂದಿ, ಅಂದರೆ ಶೇ. 80, ಗುಣವಾಗಿದ್ದರು. ಹುಸಿ ಚಿಕಿತ್ಸೆಯ ಗುಂಪಿನಲ್ಲಿ ಮೂವರು. 2014ರ ಕಾಕ್ರೇನ್ ವಿಮರ್ಶೆ 11 ಪ್ರಯೋಗಗಳ 745 ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿತು. ಅಲ್ಲಿ ಅಂತರ ಇಷ್ಟು ನಾಟಕೀಯವಲ್ಲ; ಪೂರ್ತಿ ಗುಣವಾದವರು ಹೋಲಿಕೆಯ ಗುಂಪಿನ ಕಡೆ ಶೇ. 21, ಎಪ್ಲಿ ಕ್ರಮದ ಕಡೆ ಶೇ. 56. ಆದರೂ ಮೂರೇ ನಿಮಿಷದ ಕೆಲಸಕ್ಕೆ ಇದು ಕಡಿಮೆ ಫಲವೇನಲ್ಲ. ಬೇರೆ ಸಂಶೋಧನೆಗಳು ಎಪ್ಲಿಯ ಕಂಪನ ಯಂತ್ರವನ್ನು ಮೂಲೆಗೆ ಸರಿಸಿದವು. ಅದಿಲ್ಲದೆಯೂ ಫಲ ಅಷ್ಟೇ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಮೆರಿಕದ ಇ.ಎನ್.ಟಿ. ಅಕಾಡೆಮಿ 2008ರಲ್ಲಿ, ಮತ್ತೆ 2017ರಲ್ಲಿ, ಈ ಕಾಯಿಲೆಗೆ ತಲೆಸುತ್ತು ಅಡಗಿಸುವ ಮಾತ್ರೆಗಳನ್ನು ವಾಡಿಕೆಯಂತೆ ಬರೆಯಬೇಡಿ ಎಂದು ವೈದ್ಯರಿಗೆ ಹೇಳಿತು. ಟೆಕ್ಸಾಸ್ ರಾಜ್ಯದ ಒಂದು ಕೌಂಟಿಯಲ್ಲಿ ತಲೆಸುತ್ತೆಂದು ತುರ್ತು ಚಿಕಿತ್ಸೆಗೆ ಬಂದ 3,522 ಭೇಟಿಗಳ ಕಡತ ತೆಗೆದು ನೋಡಿದ ಅಧ್ಯಯನವೊಂದು 2013ರಲ್ಲಿ ಹೊರಬಂತು. ಮಲಗಿಸಿ ಕಣ್ಣು ನೋಡಿದ ದಾಖಲೆ ಇದ್ದದ್ದು 137ರಲ್ಲಿ. ಹರಳು ಕೂರಿಸುವ ಚಿಕಿತ್ಸೆ ಮಾಡಿದ ದಾಖಲೆ 8ರಲ್ಲಿ. ಆದ್ದರಿಂದ ಇದು ನಮ್ಮ ತಾಲ್ಲೂಕು ಡಾಕ್ಟರುಗಳ ಅಜ್ಞಾನ ಎಂದು ಬೈದು ಸುಮ್ಮನಾಗುವ ಹಾಗಿಲ್ಲ.

ನನಗೆ ಕಾಣುವ ಕಾರಣ ಒಂದೇ. ಈ ಚಿಕಿತ್ಸೆಯಲ್ಲಿ ಮಾರಲು ಏನೂ ಇಲ್ಲ. ಒಂದು ಮಾತ್ರೆಯ ಬೆನ್ನಿಗೆ ಕಂಪನಿ ಇದೆ, ಬ್ಯಾಗು ಹಿಡಿದ ಪ್ರತಿನಿಧಿ ಇದ್ದಾನೆ, ಡಾಕ್ಟರ ಮೇಜಿನ ಮೇಲೆ ಮಾತ್ರೆಯ ಹೆಸರು ಹೊತ್ತ ಪೆನ್ ಸ್ಟ್ಯಾಂಡು ಇದೆ. ಎಪ್ಲಿ ಕ್ರಮಕ್ಕೆ ಪ್ರತಿನಿಧಿ ಯಾರು? ಬೀಟಾಹಿಸ್ಟಿನ್ ಎಂಬ ಮಾತ್ರೆಯನ್ನೇ ನೋಡಿ. ನಮ್ಮಲ್ಲಿ ತಲೆಸುತ್ತು ಎಂದರೆ ಸಾಕು, ಚೀಟಿಯಲ್ಲಿ ಅದು ಇದ್ದೇ ಇರುತ್ತದೆ. ಒಳಗಿವಿಯ ಬೇರೊಂದು ರೋಗವಾದ ಮಿನಿಯೇರ್‌ಗೆ ಅದು ಮುಖ್ಯ ಔಷಧಿ ಎಂಬ ಪ್ರತೀತಿ. 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಆ ರೋಗದ 221 ಮಂದಿಗೆ ಒಂಬತ್ತು ತಿಂಗಳು ಕಡಿಮೆ ಪ್ರಮಾಣ, ಹೆಚ್ಚು ಪ್ರಮಾಣ, ಹುಸಿ ಮಾತ್ರೆ ಎಂದು ಮೂರು ಬಗೆಯಲ್ಲಿ ಹಂಚಿ ಕೊಟ್ಟರು. ಮೂರೂ ಗುಂಪಿನಲ್ಲಿ ತಲೆಸುತ್ತಿನ ದಾಳಿ ಕಡಿಮೆಯಾಯಿತು, ಮೂರರಲ್ಲೂ ಸರಿಸಮ. ಮಾತ್ರೆಯ ಮಾರಾಟ ಮಾತ್ರ ನಡೆದೇ ಇದೆ.

ವೈದ್ಯರ ಕಡೆಯ ಮಾತನ್ನೂ ಹೇಳಬೇಕು. ಹೊರಗೆ ನೂರು ಜನ ಟೋಕನ್ ಹಿಡಿದು ಕೂತಿರುವಾಗ ಒಬ್ಬರನ್ನು ಮಲಗಿಸಿ, ವಾಂತಿ ಮಾಡಿಕೊಂಡರೆ ಬಕೆಟ್ ತಂದು, ಕಣ್ಣು ನೋಡುತ್ತ ಕೂರುವಷ್ಟು ಪುರುಸೊತ್ತು ಸರಕಾರಿ ಆಸ್ಪತ್ರೆಯಲ್ಲಿ ಎಲ್ಲಿದೆ? ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ಮಾತ್ರೆ ಕೊಡದಿದ್ದರೆ ನಮ್ಮ ಚಿಕ್ಕಮ್ಮನಂಥವರು ಬೈದುಕೊಳ್ಳುತ್ತಾರೆ ಬೇರೆ. ಅಲ್ಲದೆ ಎಲ್ಲ ತಲೆಸುತ್ತೂ ಹರಳಿನದ್ದಲ್ಲ. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಒಂದು ಕಡೆಯ ಕೈಕಾಲು ಸೋತರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಯಾವ ಕಿವಿ, ಯಾವ ನಾಳ ಎಂದು ತಿಳಿಯದೆ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಅಜ್ಜಿಯ ಕುತ್ತಿಗೆ ತಿರುಗಿಸುವವರಿಗೂ ನನ್ನ ಬೆಂಬಲವಿಲ್ಲ.

ಆದರೆ ಇದನ್ನು ಮಾಡಲು ಸೂಪರ್ ಸ್ಪೆಷಲಿಸ್ಟೇ ಬೇಕೆಂದಿಲ್ಲ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್, ಆಡಿಯಾಲಜಿಸ್ಟ್ ಮಾಡಬಲ್ಲರು. ಇಡೀ ದೇಶಕ್ಕೆ ಆಡಿಯಾಲಜಿಸ್ಟರನ್ನು ತಯಾರು ಮಾಡಿ ಕೊಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ. ಅಲ್ಲಿ ಕಲಿತವರನ್ನು ಜಿಲ್ಲಾ ಆಸ್ಪತ್ರೆಗಳಲ್ಲಿ ಬರೀ ಶ್ರವಣಯಂತ್ರದ ಚೀಟಿ ಬರೆಯಲು ಕೂರಿಸುವುದಕ್ಕಿಂತ ವಾರಕ್ಕೊಂದು ದಿನ ತಲೆಸುತ್ತಿನ ಕ್ಲಿನಿಕ್ ನಡೆಸಲು ಬಿಡಬಹುದು. ಬೇಕಾಗುವ ಉಪಕರಣ ಒಂದು ಮಂಚ. ಇದು ಮುದುಕರ ಸಣ್ಣಪುಟ್ಟ ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ಇನ್ನೊಂದು ಮಾಹಿತಿ. ಅಮೆರಿಕದಲ್ಲಿ ವೃದ್ಧರ ಕ್ಲಿನಿಕ್ಕಿಗೆ ಬಂದ ನೂರು ಮಂದಿಯನ್ನು ಪರೀಕ್ಷಿಸಿದಾಗ ಒಂಬತ್ತು ಮಂದಿಗೆ ಯಾರೂ ಪತ್ತೆ ಮಾಡದ ಬಿ.ಪಿ.ಪಿ.ವಿ. ಇತ್ತು. ಹಿಂದಿನ ಮೂರು ತಿಂಗಳಲ್ಲಿ ಬಿದ್ದವರು ಅವರಲ್ಲೇ ಹೆಚ್ಚು. ನಮ್ಮ ಬಚ್ಚಲುಮನೆಗಳಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರಲ್ಲಿ ಎಷ್ಟು ಜನರನ್ನು ಮಲಗಿಸಿ ಕಣ್ಣು ನೋಡಿದ್ದೇವೆ?

ಮತ್ತೆ ಮತ್ತೆ ಮರುಕಳಿಸುವುದು ಈ ಕಾಯಿಲೆಯ ಕೆಟ್ಟ ಗುಣ. ಅದಕ್ಕೂ ಒಂದು ಪ್ರಯೋಗ ನಡೆದಿದೆ. ದಕ್ಷಿಣ ಕೊರಿಯಾದಲ್ಲಿ 957 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದವರಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟಾಗ ಮರುಕಳಿಕೆ ಸುಮಾರು ಕಾಲುಭಾಗ ತಗ್ಗಿತು. ಈ ಸುದ್ದಿ ಬೇಗನೆ ಹರಡೀತು ಎಂದು ನನ್ನ ಗುಮಾನಿ, ಏಕೆಂದರೆ ಇದರಲ್ಲಿ ಮಾರಲು ಮಾತ್ರೆ ಇದೆ. ಹಾಗೆ ಹರಡುವಾಗ ಒಂದು ವಿವರ ಬಿಟ್ಟುಹೋಗದಿರಲಿ. ಕೊರಿಯಾದ ವೈದ್ಯರು ಆ ಮಾತ್ರೆ ಕೊಟ್ಟದ್ದು ಹರಳು ಕೂರಿಸುವ ಚಿಕಿತ್ಸೆ ಮುಗಿಸಿ, ತಲೆಸುತ್ತು ನಿಂತ ಮೇಲೆ.