ಕ್ಯಾಮೆರಾ ಕೆಟ್ಟಿಲ್ಲ, ಸ್ವಲ್ಪ ತಾಳಿ!

2022ರ ಡಿಸೆಂಬರ್ ತಿಂಗಳು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಇನ್ನು ಮೂರೇ ದಿನ ಉಳಿದಿದ್ದವು. ಇಜೇರಿಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆಗೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸೋದರಮಾವನ ಡಿಜಿಟಲ್ ಕ್ಯಾಮೆರಾ, ಕಣ್ಣಲ್ಲಿ ನೀರು.

ಆ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗಲಿ ಬಹಳ ಹಾನಿಯಾಗಿತ್ತೆಂಬುದು ನಿಮಗೆ ನೆನಪಿರಬಹುದು. ಈ ಹುಡುಗಿ ತನ್ನ ಹೊಲದ ಹತ್ತು ಗಿಡಗಳಿಗೆ ಗುರುತು ಕಟ್ಟಿ, ಮೊಳಕೆಯಿಂದ ಹಿಡಿದು ಹೂವಾಡುವ ಕಾಲಕ್ಕೆ ಒಣಗಿ ನಿಲ್ಲುವವರೆಗೆ ಪ್ರತಿ ವಾರ ಚಿತ್ರ ತೆಗೆದಿದ್ದಳು. ಒಣಗಿದ ಗಿಡಗಳನ್ನು ಆಗಲೇ ಕಿತ್ತು ಹಾಕಲಾಗಿತ್ತು. ಹಾಗಾಗಿ ಆ ಚಿತ್ರಗಳು ಹೋದರೆ ಮತ್ತೆ ತೆಗೆಯುವಂತಿರಲಿಲ್ಲ.

‘ಕಂಪ್ಯೂಟರಿಗೆ ಹಚ್ಚಿದ್ರ ಏನೂ ಬರಲ್ದು ಸರ್. ಪ್ಯಾಟಿ ಅಂಗಡ್ಯಾಗ ತೋರಿಸಿದ್ವಿ. ಕಾರ್ಡ್ ಕೆಟ್ಟದ, ಫಾರ್ಮ್ಯಾಟ್ ಮಾಡ್ಬೇಕು ಅಂದ್ರು’ ಎಂದರು ತಂದೆ. ‘ಮಾಡಿಸಿದಿರಾ?’ ಎಂದು ಗಾಬರಿಯಿಂದ ಕೇಳಿದೆ. ‘ಇಲ್ರಿ, ಇಕಿ ಒಪ್ಪಲಿಲ್ಲ.’ ಪುಣ್ಯ! ಫಾರ್ಮ್ಯಾಟ್ ಎಂದರೆ ಕಾರ್ಡನ್ನು ಖಾಲಿ ಹಲಗೆಯಂತೆ ಮಾಡುವುದು. ಕಂಪ್ಯೂಟರ್ ತಾನಾಗಿಯೇ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೂ ‘ಬೇಡ’ ಎಂದೇ ಒತ್ತಬೇಕು.

ಮೊದಲ ಪರೀಕ್ಷೆ

ಕ್ಯಾಮೆರಾದ ಗುಂಡಿ ಒತ್ತಿ ಅದರದೇ ಪುಟ್ಟ ತೆರೆಯ ಮೇಲೆ ನೋಡಿದೆ. ಎಲ್ಲ ಚಿತ್ರಗಳೂ ಇದ್ದವು! ಅಂದರೆ ಕಾರ್ಡೂ ಸರಿಯಿದೆ, ಕ್ಯಾಮೆರಾ ಅದನ್ನು ಓದುತ್ತಲೂ ಇದೆ. ಹಾಗಾದರೆ ಅಂಗಡಿಯಲ್ಲಿ ಕಂಪ್ಯೂಟರ್ ಹಾಗೇಕೆ ಹೇಳಿತು? ಅಲ್ಲಿದ್ದುದು ಬಹಳ ಹಳೆಯ ಕಾರ್ಡ್ ರೀಡರ್ ಎಂದು ಹುಡುಗಿ ಹೇಳಿದಳು. ಅವಳ ಕಾರ್ಡು 8 ಜಿಬಿಯದು. 2 ಜಿಬಿಗಿಂತ ದೊಡ್ಡದಾದ ಎಸ್‌ಡಿಎಚ್‌ಸಿ ಕಾರ್ಡುಗಳು ಬಂದದ್ದು 2006ರಲ್ಲಿ. ಅದಕ್ಕಿಂತ ಮೊದಲಿನ ಎಷ್ಟೋ ರೀಡರುಗಳು ಇವನ್ನು ಓದಲಾರವು. ಓದಲು ಬಾರದ್ದನ್ನು ಕಂಪ್ಯೂಟರ್ ‘ಕೆಟ್ಟಿದೆ’ ಎಂದು ತಿಳಿಯುತ್ತದೆ.

ಇನ್ನು ಕೇಬಲ್ ಜೋಡಿಸಿದರೆ ಏಕೆ ಬರುವುದಿಲ್ಲ? ಆಗ ಆ ತಂದೆ ಆಡಿದ ಮಾತು ನನಗೆ ಬಹಳ ಹಿಡಿಸಿತು: ‘ಗಿಡ ಒಣಗ್ತಂದ್ರ ನಾವು ಒಮ್ಮಿಗೇ ನೀರು, ಗೊಬ್ಬರ, ಎಣ್ಣಿ ಎಲ್ಲಾ ಹಾಕಂಗಿಲ್ರಿ. ಮೊದಲು ಒಂದು ಗಿಡ ಕಿತ್ತು, ಕಾಂಡ ಸೀಳಿ ನೋಡ್ತೀವಿ.’ ಇದೇ ವಿಜ್ಞಾನದ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಏನಾಯಿತೆಂದು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂಬುದೇ ತಿಳಿಯುವುದಿಲ್ಲ.

ನಾಲ್ಕು ತಂತಿಗಳ ಕಥೆ

ಮಕ್ಕಳೇ, ಕ್ಯಾಮೆರಾವನ್ನು ಕಂಪ್ಯೂಟರಿಗೆ ಸೇರಿಸುವ ಕೊಂಡಿಗೆ ಯುಎಸ್‌ಬಿ ಎಂದು ಹೆಸರು. ಇದರ ಮೊದಲ ಆವೃತ್ತಿ ಹೊರಬಂದದ್ದು 1996ರಲ್ಲಿ. ಇದನ್ನು ರೂಪಿಸಿದ ಇಂಟೆಲ್ ಕಂಪನಿಯ ತಂಡದ ಮುಂದಾಳು ಅಜಯ್ ಭಟ್ ನಮ್ಮ ದೇಶದಲ್ಲಿ, ಬರೋಡಾದಲ್ಲಿ ಓದಿದವರು. ಸಾಮಾನ್ಯ ಯುಎಸ್‌ಬಿ ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ತಂತಿಗಳು 5 ವೋಲ್ಟ್ ವಿದ್ಯುತ್ತನ್ನು ಒಯ್ಯುತ್ತವೆ. ಉಳಿದೆರಡು ಮಾಹಿತಿಯನ್ನು ಒಯ್ಯುತ್ತವೆ. ಕ್ಯಾಮೆರಾ ಜೋಡಿಸಿದೊಡನೆ ಮಾಹಿತಿಯ ಒಂದು ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಕಂಪ್ಯೂಟರ್ ಇದನ್ನು ಗಮನಿಸಿ ‘ಯಾರು ನೀನು?’ ಎಂದು ಕೇಳುತ್ತದೆ. ಕ್ಯಾಮೆರಾ ತನ್ನ ಕಂಪನಿಯ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ಹೇಳುತ್ತದೆ. ಆ ಬಳಿಕ ಕಂಪ್ಯೂಟರ್ ಅದಕ್ಕೆ ಹೊಂದುವ ಡ್ರೈವರ್ ಎಂಬ ತಂತ್ರಾಂಶವನ್ನು ಹುಡುಕಿಕೊಳ್ಳುತ್ತದೆ.

ನಾವು ಜೋಡಿಸಿದಾಗ ಕ್ಯಾಮೆರಾದ ಚಾರ್ಜಿಂಗ್ ದೀಪ ಹೊತ್ತಿತು, ಕಂಪ್ಯೂಟರ್ ಮಾತ್ರ ಸುಮ್ಮನಿತ್ತು. ವಿದ್ಯುತ್ ಹರಿಯುತ್ತಿದೆ, ಮಾತುಕತೆ ಇಲ್ಲ! ಕೇಳಿದರೆ, ಮೂಲ ಕೇಬಲ್ ಕಳೆದು ಜಾತ್ರೆಯಲ್ಲಿ ಅಗ್ಗದ ಕೇಬಲ್ ಕೊಂಡಿದ್ದರಂತೆ. ಚಾರ್ಜ್ ಮಾಡಲೆಂದೇ ಇರುವ ಕೆಲವು ಕೇಬಲುಗಳಲ್ಲಿ ಮಾಹಿತಿಯ ಎರಡು ತಂತಿಗಳೇ ಇರುವುದಿಲ್ಲ. ಕೇಬಲೊಂದನ್ನೇ ಬದಲಿಸಿದೆ. ಕಂಪ್ಯೂಟರ್ ‘ಟಿಣ್’ ಎಂದಿತು!

ಆದರೆ ‘ಇ’, ‘ಎಫ್’ ಎಂಬ ಡ್ರೈವುಗಳಲ್ಲಿ ಹುಡುಕಿದರೆ ಚಿತ್ರಗಳಿಲ್ಲ. ಹುಡುಗಿಯ ಮುಖ ಮತ್ತೆ ಬಾಡಿತು. ಇಲ್ಲಿ ಇನ್ನೊಂದು ಗುಟ್ಟಿದೆ. ಕ್ಯಾಮೆರಾಗಳು ಎರಡು ರೀತಿ ಪರಿಚಯ ಹೇಳಿಕೊಳ್ಳುತ್ತವೆ. ‘ಮಾಸ್ ಸ್ಟೋರೇಜ್’ ಎಂದರೆ ಪೆನ್‌ಡ್ರೈವಿನಂತೆ ಒಂದು ಡ್ರೈವಾಗಿ ಕಾಣುತ್ತವೆ. ‘ಪಿಟಿಪಿ’ ಎಂದರೆ ಅಕ್ಷರವಿಲ್ಲದೆ, ಬರೀ ಕ್ಯಾಮೆರಾದ ಚಿತ್ರವಾಗಿ ಕಾಣುತ್ತವೆ. ಇದು ಎರಡನೆಯ ರೀತಿಯದು. ಆ ಚಿತ್ರವನ್ನು ತೆರೆದೊಡನೆ ‘ಡಿಸಿಐಎಂ’ ಎಂಬ ಕಡತಕೋಶ, ಅದರೊಳಗೆ ನಮ್ಮ ತೊಗರಿ ಗಿಡಗಳು!

ನಿಮ್ಮಲ್ಲಿ ಹೀಗಾದರೆ

ಪಾಲಕರೇ, ನಿಮ್ಮ ಮನೆಯಲ್ಲಿ ಇಂಥ ತೊಂದರೆ ಬಂದರೆ ಈ ಕ್ರಮದಲ್ಲಿ ನೋಡಿ. ಬ್ಯಾಟರಿ ತುಂಬಿದೆಯೇ, ಕ್ಯಾಮೆರಾ ಚಾಲೂ ಇದೆಯೇ? ಹಲವು ಕ್ಯಾಮೆರಾಗಳು ಚಿತ್ರ ನೋಡುವ ಸ್ಥಿತಿಯಲ್ಲಿದ್ದರೆ ಮಾತ್ರ ಕಂಪ್ಯೂಟರಿಗೆ ಉತ್ತರ ಕೊಡುತ್ತವೆ. ನಂತರ ಕೇಬಲ್ ಬದಲಿಸಿ. ಆಮೇಲೆ ಕಂಪ್ಯೂಟರಿನ ಬೇರೆ ಕಿಂಡಿಗೆ, ಸಾಧ್ಯವಾದರೆ ಹಿಂಬದಿಯ ಕಿಂಡಿಗೆ ನೇರವಾಗಿ ಜೋಡಿಸಿ. ರಾಶಿಯ ಕಾಲದಲ್ಲಿ ಕಿಂಡಿಯಲ್ಲಿ ಧೂಳು ಕೂತಿದ್ದರೆ ಒಣ ಮೆದು ಬ್ರಷ್ಷಿನಿಂದ ತೆಗೆಯಿರಿ, ಸೂಜಿ ಹಾಕಬೇಡಿ. ಆಗಲೂ ಬಾರದಿದ್ದರೆ ‘ಡಿವೈಸ್ ಮ್ಯಾನೇಜರ್’ ತೆರೆದು ನೋಡಿ. ಕ್ಯಾಮೆರಾದ ಹೆಸರಿನ ಮುಂದೆ ಹಳದಿ ಗುರುತಿದ್ದರೆ ಅದನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿ ಜೋಡಿಸಿ. ಕೊನೆಗೆ ಹೊಸ ಕಾರ್ಡ್ ರೀಡರ್ ಬಳಸಿ. ಅದಕ್ಕೆ ಮೊದಲು ಕಾರ್ಡಿನ ಬದಿಯ ಸಣ್ಣ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸಿದರೆ ಓದಲು ಅಡ್ಡಿಯಿಲ್ಲ, ಕೈತಪ್ಪಿ ಅಳಿಸಿಹೋಗುವ ಭಯ ಕಡಿಮೆ.

ಆ ಹುಡುಗಿಯ ಫಲಕಗಳ ಮುಂದೆ ಪ್ರದರ್ಶನದ ದಿನ ರೈತರೇ ಹೆಚ್ಚು ಹೊತ್ತು ನಿಂತರು. ಯಾವ ವಾರ ಎಲೆ ಬಾಡತೊಡಗಿತೆಂದು ಅವರು ಬೆರಳಿಟ್ಟು ತೋರಿಸುತ್ತಿದ್ದರು. ಚಿತ್ರಗಳ ಒಂದು ಪ್ರತಿಯನ್ನು ಈಗ ಆಕೆ ಬೇರೆಡೆಯೂ ಇಟ್ಟಿದ್ದಾಳೆ.

ಮಾಡಿ ನೋಡಿ: ಮನೆಯಲ್ಲಿರುವ ಕೇಬಲುಗಳನ್ನೆಲ್ಲ ಕೂಡಿಸಿ, ಒಂದೊಂದಾಗಿ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ. ಮೊಬೈಲಿನ ತೆರೆಯಲ್ಲಿ ಕೇಳಿದಾಗ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಚಾರ್ಜ್ ಆಗುತ್ತಿದ್ದರೂ ಕಂಪ್ಯೂಟರಿನಲ್ಲಿ ಮೊಬೈಲ್ ಕಾಣಿಸದ ಕೇಬಲುಗಳಿಗೆ ಕೆಂಪು ದಾರ ಕಟ್ಟಿ. ಎಷ್ಟಕ್ಕೆ ಕಟ್ಟಿದಿರಿ, ಎಣಿಸಿ.