ಮೂರಡಿ ಕೆಳಗೆ ಕನ್ನಡ ಬೇಡವೇ?

ಕನ್ನಡದ ತರುಣರೇ, ನಿಮ್ಮ ಬೀದಿಯಲ್ಲಿ ಗ್ಯಾಸ್ ಪೈಪಿನ ಸುರುಳಿ ಬಂದು ಬಿದ್ದಿದೆಯೇ? ಗುಂಡಿ ತೋಡುತ್ತಿದ್ದಾರೆಯೇ? ಒಂದು ಗಳಿಗೆ ನಿಂತು ಆ ಗುಂಡಿಯೊಳಗೆ ಬಗ್ಗಿ ನೋಡಿ.

ಮನೆಮನೆಗೆ ಗ್ಯಾಸ್ ಪೈಪು ಬರುವುದಕ್ಕೆ ನನ್ನ ವಿರೋಧವಿಲ್ಲ. ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವವನ ಬೆನ್ನು ಉಳಿಯಲಿ. ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ದೊಡ್ಡ ಕೊಳವೆ ಬಂತು. ಕೊಚ್ಚಿಯಿಂದ ಮಂಗಳೂರಿಗೆ 2021ರಲ್ಲಿ. ನಮ್ಮ ಚಾಮರಾಜನಗರವನ್ನೂ ಮೈಸೂರು, ಮಂಡ್ಯದ ಜೊತೆ ಒಂದೇ ವಲಯ ಮಾಡಿ ವಿತರಣೆಗೆ ಕೊಟ್ಟಾಗಿದೆ. ಇಂದಲ್ಲ ನಾಳೆ ನನ್ನ ಹುಟ್ಟೂರು ಕುದೇರಿಗೂ, ಹಾಲಿನ ಡೇರಿಯ ಮಗ್ಗುಲಿಗೂ ಹಾರೆ ಗುದ್ದಲಿ ಬಂದಾವು. ಬರಲಿ! ಆದರೆ ಯಾವ ಭಾಷೆ ಹೊತ್ತು ಬರುತ್ತವೆ?

ನಾನೀಗಿರುವ ಬಡಾವಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪೈಪನ್ನು ಸುಮಾರು ಮೂರಡಿ ಆಳದಲ್ಲಿ ಹೂಳುತ್ತಾರೆ. ಮಣ್ಣು ಅರ್ಧ ಮುಚ್ಚಿದ ಮೇಲೆ ಒಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಹಾಸುತ್ತಾರೆ. ಮುಂದೆಂದೋ ನೀರಿನವರೋ ಕೇಬಲ್ಲಿನವರೋ ಅಗೆದಾಗ ಗುದ್ದಲಿಗೆ ಪೈಪಿಗಿಂತ ಮೊದಲು ಆ ಪಟ್ಟಿ ಸಿಗಬೇಕು. ಅದನ್ನು ಓದಿದವನು ಕೈ ತಡೆಯಬೇಕು. ಒಳ್ಳೆಯ ಉಪಾಯವೇ. ಆದರೆ ಪಟ್ಟಿಯ ಉದ್ದಕ್ಕೂ ಇದ್ದದ್ದು ಬರೀ ಇಂಗ್ಲಿಷು! ಗುಂಡಿಯಲ್ಲಿದ್ದ ರಾಯಚೂರು ಕಡೆಯ ಹುಡುಗನನ್ನು ಕೇಳಿದೆ. "ಕಂಪನಿ ಹೆಸರಿರಬೇಕ್ರೀ" ಅಂದ. ಅವನಿಗೆ ಕನ್ನಡ ಓದಲು ಬರುತ್ತದೆ, ಸ್ವಾಮಿ! ಬಿಹಾರದಿಂದ ಬಂದ ಕೂಲಿಯವನಿಗಾಗಿ ಹಿಂದಿಯಲ್ಲೂ ಒಂದು ಸಾಲಿರಲಿ, ನನ್ನ ತಕರಾರಿಲ್ಲ. ಅವನ ಜೀವವೂ ಜೀವವೇ. ಕನ್ನಡ ಮಾತ್ರ ಏಕಿಲ್ಲ?

ಮನೆಯೊಳಗೂ ಅದೇ ಕಥೆ. ಮೀಟರ್ ಕೂರಿಸಿದವರು ಎಚ್ಚರಿಕೆಯ ಹಾಳೆಯೊಂದನ್ನು ಕೊಟ್ಟುಹೋದರು. ಕುದೇರಿನಿಂದ ಬಂದಿದ್ದ ನಮ್ಮವ್ವ ಅದನ್ನು ತಿರುಗಿಸಿ ನೋಡಿ, "ಇದ್ರಲ್ಲೇನ್ ಬರ್ದವ್ರೆ ಮೊಗಾ?" ಅಂದರು. ಒಲೆ ಹಚ್ಚುವವರು ಅವರು, ಹಾಳೆ ಓದಬೇಕಾದವನು ನಾನು! ಅದರಲ್ಲಿದ್ದದ್ದು ಸಣ್ಣ ಸಂಗತಿಯಲ್ಲ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಪೈಪಿನದು ಗಾಳಿಗಿಂತ ಹಗುರ, ಸೂರಿನತ್ತ ಏರುತ್ತದೆ. ಹಾಗಾಗಿ ಮೇಲಿನ ಕಿಂಡಿ ಮುಚ್ಚಬಾರದು. ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಕಿಟಕಿ ಬಾಗಿಲು ತೆಗೆಯಬೇಕು, ವಾಲ್ವ್ ಮುಚ್ಚಬೇಕು. ಸಿಲಿಂಡರಿನ ಒಲೆಯನ್ನು ನಳಿಗೆ ಬದಲಿಸದೆ ಇದಕ್ಕೆ ಜೋಡಿಸಬಾರದು. ಇಷ್ಟನ್ನು ಕನ್ನಡದಲ್ಲಿ ಹೇಳಲು ಯಾವ ಪಂಡಿತ ಬೇಕು?

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ಬೀದಿಗಿಳಿದೆವು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಬೋರ್ಡು ಓದಲಾಗದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ಈ ಪಟ್ಟಿ ಓದಲಾಗದಿದ್ದರೆ ಎಲ್ಲಿಗೆ ಹೋಗುವುದು? ಅಗೆಯುವವರು ಮೊದಲು ವಿಚಾರಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ಒಂದು ಆ್ಯಪ್ ತಂದಿತು. ಅದರ ಹೆಸರೇ 'ಕಾಲ್ ಬಿಫೋರ್ ಯು ಡಿಗ್'!

ಅರ್ಜಿಗೆ ಸಹಿ ಹಾಕುವ ಮೊದಲು ಕನ್ನಡದ ಪ್ರತಿ ಕೇಳಿ. ಪೈಪಿನ ದಾರಿ ತೋರಿಸುವ ಗುರುತುಕಲ್ಲಿನ ಮೇಲೆ, ಪಟ್ಟಿಯ ಮೇಲೆ, ತುರ್ತು ಫೋನಿನಲ್ಲಿ ಕನ್ನಡ ಕೇಳಿ. ಗುಂಡಿ ಮುಚ್ಚುವ ಮುಂಚೆಯೇ ಕೇಳಿ. ಡಾಂಬರು ಬಿದ್ದ ಮೇಲೆ ಯಾರೂ ಮತ್ತೆ ಅಗೆದು ಪಟ್ಟಿ ಬದಲಿಸುವುದಿಲ್ಲ.

ಆ ಹಾಳೆಯನ್ನು ನಾನೇ ಕನ್ನಡ ಮಾಡಿ, ನಮ್ಮ ಪ್ರೆಸ್ಸಿನಲ್ಲಿ ಅಚ್ಚುಹಾಕಿ ಕಂಪನಿಯ ಕಚೇರಿಗೆ ಒಯ್ದೆ. ಪುಕ್ಕಟೆಯಾಗಿ ಕೊಡುತ್ತೇನೆ ಎಂದೆ. ಹೆಡ್ಡಾಫೀಸಿನ ಒಪ್ಪಿಗೆ ಬೇಕಂತೆ! ಒಂದು ಪ್ರತಿ ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ. ಉಳಿದವನ್ನು ಬೀದಿಯ ಹೆಂಗಸರು ಎರಡೇ ದಿನಕ್ಕೆ ಕೇಳಿ ಕೇಳಿ ಒಯ್ದರು. ನಾಳೆ ಮತ್ತೆ ಅಚ್ಚುಹಾಕಬೇಕು.