ಚೆಂಡಾಟದೊಳಗೊಂದು ಚೀಟಿಯಾಟ

ಮಕ್ಕಳ ದಿನಾಚರಣೆಯಂದು ಚಿತ್ರಕಲೆ, ಭಾವಗೀತೆಗಳ ಸ್ಪರ್ಧೆಯ ಜೊತೆಗೆ ಟಿ.ವಿ. ಪರದೆಯ ಮೇಲಿನ ಫುಟ್‌ಬಾಲ್ ಪಂದ್ಯವನ್ನೂ ಏಕೆ ಇಡಬಾರದು ಎಂದು ಸಂಘದ ಕೆಲವು ತರುಣರು ಕೇಳಿದಾಗ ನಮ್ಮ ಹಿರಿಯರಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷಕ್ಕೆ ಆ ಪೆಟ್ಟಿಗೆಯೇ ಶನಿ; ಮಕ್ಕಳ ಕಣ್ಣು, ಓದು, ಕನ್ನಡ ಎಲ್ಲವನ್ನೂ ನುಂಗಿ ನೀರು ಕುಡಿಯುವ ಭೂತ. ಇನ್ನೊಂದು ಪಕ್ಷಕ್ಕೆ ಅದು ಬರಿಯ ಆಟಿಕೆ. ಕಾಲಿಡಲು ಮೈದಾನವಿಲ್ಲದ ಈ ಮುಂಬಯಿಯಲ್ಲಿ ಹುಡುಗರು ಮನೆಯೊಳಗೆ ಕಣ್ಣೆದುರಿಗಿದ್ದರೆ ಅಷ್ಟೇ ಸಾಕೆಂಬ ಸಮಾಧಾನ. ಎರಡೂ ಪಕ್ಷದವರು ಆ ಆಟವನ್ನು ಒಮ್ಮೆಯೂ ಆಡಿ ನೋಡಿದವರಲ್ಲ ಎಂಬುದು ನಮ್ಮ ಮೊದಲ ತಕರಾರು. ನಾವು ಆಡಿದ್ದೇವೆ. ಹನ್ನೊಂದು ವರ್ಷದ ಮಗನೆದುರು ಐದು ಸೊನ್ನೆಯಿಂದ ಸೋತಿದ್ದೇವೆ. ಆದುದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನಮಗುಂಟೆಂದು ತಿಳಿದಿದ್ದೇವೆ.

ನಾವು ಹೇಳುತ್ತಿರುವುದು 'ಫಿಫಾ 23' ಎಂಬ ಆಟದ ವಿಷಯ. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ 1993ರಿಂದ ವರ್ಷಕ್ಕೊಂದರಂತೆ ಹೊರತರುತ್ತಾ ಬಂದ ಸಾಲಿನಲ್ಲಿ ಫಿಫಾ ಸಂಸ್ಥೆಯ ಹೆಸರು ಹೊತ್ತ ಕೊನೆಯ ಕಂತು ಇದು. 2022ರ ಸೆಪ್ಟೆಂಬರಿನಲ್ಲಿ ಬಂತು. ಹೆಸರಿನ ಒಪ್ಪಂದ ಮುಗಿದ ಮೇಲೆ 2023ರಿಂದ ಅದೇ ಆಟ 'ಇಎ ಸ್ಪೋರ್ಟ್ಸ್ ಎಫ್‌ಸಿ' ಎಂದು ಬರುತ್ತಿದೆ. ಅಂಗಡಿಯ ಬೋರ್ಡು ಬದಲಾಯಿತೇ ಹೊರತು ಗಲ್ಲಾಪೆಟ್ಟಿಗೆ ಬದಲಾಗಲಿಲ್ಲ. ನಮ್ಮ ಮನೆಯಲ್ಲಿರುವುದು 23. ಆದರೆ ಮುಖ್ಯವಾದ ಮಾತು ಹೊಸ ಕಂತುಗಳಿಗೂ ಸಲ್ಲುತ್ತದೆ.

ಮೊದಲು ಗುಣವನ್ನು ಹೇಳಿಬಿಡೋಣ, ಏಕೆಂದರೆ ಗುಣ ದೊಡ್ಡದು. ಗುಂಡಿ ಒತ್ತಿದರೆ ಗೋಲು ಎಂದು ತಿಳಿದವರು ಕೈಗೆ ಕಂಟ್ರೋಲರ್ ತೆಗೆದುಕೊಂಡು ನೋಡಲಿ. ಚೆಂಡು ಜೊತೆಗಾರನಿಗೆ ಮುಟ್ಟಬೇಕಾದರೆ ದಿಕ್ಕೂ ನಿಮ್ಮದೇ, ಬಲವೂ ನಿಮ್ಮದೇ. ಗುಂಡಿಯನ್ನು ಕೂದಲೆಳೆಯಷ್ಟು ಹೆಚ್ಚು ಹೊತ್ತು ಒತ್ತಿದಿರೋ, ಚೆಂಡು ಗೆರೆಯಾಚೆ. ಈ ಕಂತಿನಲ್ಲಿ 'ಪವರ್ ಶಾಟ್' ಎಂಬುದೊಂದು ಬಂತು: ಹೆಗಲ ಮೇಲಿನ ಎರಡು ಗುಂಡಿಗಳನ್ನೂ ಒದೆತದ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಆಟಗಾರ ಕಾಲೆತ್ತಿ ಸಿಡಿಲಿನಂತೆ ಹೊಡೆಯುತ್ತಾನೆ. ಆದರೆ ಕಾಲೆತ್ತಲು ಅವನಿಗೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎದುರಾಳಿ ಬಂದು ಚೆಂಡು ಕಸಿಯುತ್ತಾನೆ. ಅಪಾಯಕ್ಕೆ ತಕ್ಕ ಫಲ, ಫಲಕ್ಕೆ ತಕ್ಕ ಅಪಾಯ. ಇದು ನ್ಯಾಯವಾದ ಆಟ. ಆಫ್‌ಸೈಡ್ ಎಂದರೇನೆಂದು ನಾವು ನಾಲ್ವತ್ತು ವರ್ಷ ಪತ್ರಿಕೆ ಓದಿಯೂ ತಿಳಿಯದಿದ್ದುದು ಮಗನ ಪಕ್ಕದಲ್ಲಿ ಕುಳಿತು ಎರಡು ಸಂಜೆಗಳಲ್ಲಿ ತಿಳಿಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸಿನ ಮಹಿಳಾ ಲೀಗುಗಳು ಮೊದಲ ಬಾರಿಗೆ ಸೇರಿದ್ದೂ ಇದರಲ್ಲೇ. ಮುಖಪುಟದಲ್ಲಿ ಎಂಬಾಪೆಯ ಜೊತೆಗೆ ಆಸ್ಟ್ರೇಲಿಯದ ಸ್ಯಾಮ್ ಕೆರ್ ನಿಂತಿದ್ದಾಳೆ. ಇದನ್ನು ಕಂಡ ಮೇಲೆ ನಮ್ಮ ಕಿರಿಯ ಮಗಳೂ ಸರದಿ ಕೇಳತೊಡಗಿದಳು. 2022ರ ವಿಶ್ವಕಪ್ ಅರ್ಜೆಂಟೀನದ್ದೇ ಎಂದು ಕಂಪೆನಿಯವರು ಇದೇ ಆಟದಲ್ಲಿ ಪಂದ್ಯಗಳನ್ನು ಓಡಿಸಿ ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಜ್ಯೋತಿಷಿಗಳು ನಾಚಬೇಕು!

ಇನ್ನೊಂದು ಸಂತೋಷ ನಮ್ಮಂಥವರದ್ದೇ. ಹಿಂದಿನ ವರ್ಷದ ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು, 23ರಲ್ಲಿಯೂ ಇದೆ. ಅಂದರೆ ಮಾಂಚೆಸ್ಟರ್, ಮ್ಯಾಡ್ರಿಡ್‌ಗಳ ಪಟ್ಟಿಯಲ್ಲಿ ಬೆಂಗಳೂರು ಎಫ್‌ಸಿ ಇದೆ, ಸುನಿಲ್ ಛೇತ್ರಿ ಇದ್ದಾನೆ. ಮುಂಬಯಿ ಸಿಟಿಯೂ ಇದೆ. ನಮ್ಮ ಮನೆಯ ಸೋಫಾದ ಮೇಲೆ ಅಪ್ಪನದು ಬೆಂಗಳೂರು, ಮಗನದು ಮುಂಬಯಿ. "ಅಪ್ಪಾ, ನಾನು ಹುಟ್ಟಿದ್ದು ಇಲ್ಲಿ, ನನ್ನ ಟೀಮು ಇದೇ" ಎಂದು ಅವನು ಮೊದಲ ದಿನವೇ ಹೇಳಿಬಿಟ್ಟ. ನಾವು ಅವನಿಗೆ 2019ರ ಮಾರ್ಚಿನ ಫೈನಲಿನ ಕಥೆ ಹೇಳಿದೆವು: ಅಂಧೇರಿಯ ಮೈದಾನದಲ್ಲಿ ಬೆಂಗಳೂರು ತಂಡ ಹೆಚ್ಚುವರಿ ಸಮಯದಲ್ಲಿ ಗೋವಾವನ್ನು ಸೋಲಿಸಿ ಕಪ್ ಗೆದ್ದದ್ದು, ಆ ಒಂದೇ ಗೋಲನ್ನು ತಲೆಯಿಂದ ಹೊಡೆದ ರಾಹುಲ್ ಭೇಕೆ ಮುಂಬಯಿಯ ಹುಡುಗನೇ ಆಗಿದ್ದದ್ದು. ಶಾಲೆಯಲ್ಲಿ ಇಂಗ್ಲಿಷು, ಕೆಳಗಿನ ಅಂಗಳದಲ್ಲಿ ಹಿಂದಿ, ಮರಾಠಿ ಆಡಿ ಬರುವ ಹುಡುಗ ನಮ್ಮೊಡನೆ ಒಂದು ಗಂಟೆ ಎಡೆಬಿಡದೆ ಕನ್ನಡದಲ್ಲಿ ಜಗಳವಾಡುವುದು ಈ ಆಟದ ಮುಂದೆಯೇ. ಪೆಟ್ಟಿಗೆ ಕನ್ನಡವನ್ನು ತಿನ್ನುತ್ತದೆ ಎನ್ನುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಸಣ್ಣ ಪುಟ್ಟ ದೋಷಗಳೂ ಇವೆ. ಆಟ ಬಂದ ಹೊಸತರಲ್ಲಿ ಎತ್ತರದ ನಿಧಾನಗತಿಯ ರಕ್ಷಕರು ಜಿಂಕೆಯಂಥ ಮುಂದಾಳುಗಳನ್ನು ಓಡಿ ಹಿಡಿಯುತ್ತಿದ್ದರು, ನಗುವಂತಿತ್ತು. ವಿವರಣೆಕಾರರು ಹೇಳಿದ್ದನ್ನೇ ಹೇಳುತ್ತಾರೆ. ತಂಡದ ಮ್ಯಾನೇಜರನಾಗಿ ವರುಷಗಟ್ಟಲೆ ನಡೆಸುವ 'ಕರಿಯರ್' ಭಾಗ ಬಡವನ ಮನೆಯ ಹಿತ್ತಲಿನಂತೆ ಹಾಗೆಯೇ ಬಿದ್ದಿದೆ. ನಿಂಟೆಂಡೊ ಸ್ವಿಚ್ ಎಂಬ ಯಂತ್ರಕ್ಕೆ ಮಾರಿದ್ದಂತೂ 'ಲೆಗಸಿ' ಆವೃತ್ತಿ: ಹಳೆಯ ಆಟಕ್ಕೇ ಹೊಸ ಅಂಗಿ, ಹೊಸ ಆಟಗಾರರ ಪಟ್ಟಿ. 20ರಿಂದ 23ರವರೆಗೆ ನಾಲ್ಕು ವರ್ಷ ಹೀಗೆಯೇ ನಡೆಯಿತು. ಇವೆಲ್ಲ ವ್ಯಾಪಾರಿಯ ಮಾಮೂಲು ಚಾಳಿ, ಕೊಳ್ಳದಿದ್ದರಾಯಿತು.

ನಮ್ಮ ಜಗಳ ಬೇರೆಯದರ ಮೇಲೆ. 'ಅಲ್ಟಿಮೇಟ್ ಟೀಮ್' ಎಂಬ ವಿಭಾಗ 2009ರಲ್ಲಿ ಫಿಫಾ 09ಕ್ಕೆ ಅಂಟಿಕೊಂಡಿತು. ಅಲ್ಲಿ ಆಟಗಾರರೆಲ್ಲ ಚೀಟಿಗಳು. ಚೀಟಿಗಳು ಪೊಟ್ಟಣದಲ್ಲಿ. ಆಡಿ ಗಳಿಸಿದ ನಾಣ್ಯ ಕೊಟ್ಟು ಪೊಟ್ಟಣ ಒಡೆಯಬಹುದು. ಕಾಯುವ ತಾಳ್ಮೆ ಇಲ್ಲದವನು ನಿಜವಾದ ಹಣ ಕೊಟ್ಟು 'ಪಾಯಿಂಟು' ಕೊಂಡು ಒಡೆಯಬಹುದು. ಒಳಗೆ ಯಾರಿದ್ದಾರೆಂದು ಕೊಳ್ಳುವ ಮುಂಚೆ ತಿಳಿಯದು. ಒಡೆಯುವ ವೈಭವವನ್ನು ನೋಡಬೇಕು! ಕತ್ತಲೆಯಲ್ಲಿ ಬೆಳಕಿನ ಹೊನಲು, ಮೊದಲು ಒಂದು ದೇಶದ ಧ್ವಜ, ಆಮೇಲೆ ಆಡುವ ಸ್ಥಾನ, ಆಮೇಲೆ ಕ್ಲಬ್ಬಿನ ಲಾಂಛನ, ಕಟ್ಟಕಡೆಗೆ ಮನುಷ್ಯ. ಅರ್ಜೆಂಟೀನದ ಧ್ವಜ ಕಂಡೊಡನೆ ಮಗುವಿನ ಉಸಿರು ನಿಲ್ಲುತ್ತದೆ. ಬರುವವನು ಮೆಸ್ಸಿಯಲ್ಲ, ಯಾರೋ ಬದಲಿ ಗೋಲಿ. ಇನ್ನೊಂದು ಪೊಟ್ಟಣ ಒಡೆದರೆ? ದೊಡ್ಡ ಆಟಗಾರ ಸಿಗುವ ಸಂಭವ ಶೇಕಡಾ ಒಂದಕ್ಕಿಂತ ಕಡಿಮೆ ಎಂದು ಕಂಪೆನಿಯೇ ತೋರಿಸುತ್ತದೆ. ಹನ್ನೊಂದು ವರ್ಷದವನಿಗೆ ಶೇಕಡಾ ಒಂದಕ್ಕಿಂತ ಕಡಿಮೆ ಎಂದರೆ 'ಬರಬಹುದು' ಎಂದೇ ಅರ್ಥ. ಇಷ್ಟು ಹಣ ಸುರಿದು ಕಟ್ಟಿದ ತಂಡ ಮರುವರ್ಷದ ಕಂತಿಗೆ ಬರುವುದಿಲ್ಲ. ಅಲ್ಲಿ ಮತ್ತೆ ಮೊದಲಿನಿಂದ.

ಇದಕ್ಕೆ ಈ ನಗರದಲ್ಲಿ ಹಳೆಯ ಹೆಸರೊಂದಿದೆ. ಹತ್ತಿ ದರದ ಅಂಕಿಯ ಮೇಲೆ, ಆಮೇಲೆ ಮಡಕೆಯಿಂದ ಎತ್ತಿದ ಚೀಟಿಯ ಮೇಲೆ ಪಣ ಕಟ್ಟುತ್ತಿದ್ದ ಮಟಕಾವನ್ನು ನಮ್ಮ ಹೋಟೆಲು ಕೆಲಸಗಾರರು, ಗಿರಣಿ ಕಾರ್ಮಿಕರು ಕಂಡವರು. ಮಟಕಾದವನು ಹಿಂಬಾಗಿಲಲ್ಲಿ ನಿಂತು ದೊಡ್ಡವರನ್ನು ಕರೆಯುತ್ತಿದ್ದ. ಇವನು ಮುಂಬಾಗಿಲಿನಿಂದ ಬಂದು ಮಕ್ಕಳನ್ನು ಕರೆಯುತ್ತಾನೆ. ಯುರೋಪಿನ ಪೆಗಿ ವರ್ಗೀಕರಣದಲ್ಲಿ ಫಿಫಾ 23ಕ್ಕೆ ಸಿಕ್ಕ ಗುರುತು ಯಾವುದು ಗೊತ್ತೇ? ಮೂರು ವರ್ಷ ಮೇಲ್ಪಟ್ಟವರಿಗೆ! ಮೂರು!

2019ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೆದುರು ಕಂಪೆನಿಯ ಪ್ರತಿನಿಧಿ ಇದನ್ನು ಜೂಜೆನ್ನಲು ಒಪ್ಪಲಿಲ್ಲ. ಅಚ್ಚರಿಯ ಏರ್ಪಾಡೆಂದು ಕರೆದು, ಆಟಿಕೆ ಅಡಗಿಸಿಟ್ಟ ಚಾಕೊಲೇಟ್ ಮೊಟ್ಟೆಗೆ ಹೋಲಿಸಿದರು. ಹೋಲಿಕೆ ಚೆನ್ನಾಗಿದೆ. ಆದರೆ ಆ ಮೊಟ್ಟೆಯಲ್ಲಿ ಏನು ಬಂದರೂ ಚಾಕೊಲೇಟ್ ತಿನ್ನಲು ಸಿಗುತ್ತದೆ. ಒಳಗಿನ ಆಟಿಕೆ ಸಿಗಲಿಲ್ಲವೆಂದು ಮಗು ಪಕ್ಕದ ಮನೆಯವನೊಡನೆ ಪಂದ್ಯ ಸೋಲುವುದಿಲ್ಲ. ಇಲ್ಲಿ ಸೋಲುತ್ತದೆ. ಬೆಲ್ಜಿಯಂ ಈ ಮಾತಿಗೆ ಮರುಳಾಗಲಿಲ್ಲ. ಅಲ್ಲಿನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಇದು ಕಾನೂನುಬಾಹಿರ ಎಂದಿತು. 2019ರ ಜನವರಿ ಮುಗಿಯುವುದರೊಳಗೆ ಕಂಪೆನಿ ಆ ದೇಶದಲ್ಲಿ ಪಾಯಿಂಟುಗಳ ಮಾರಾಟ ನಿಲ್ಲಿಸಿತು. ಪಾಯಿಂಟು ಹೋದರೂ ಆಟ ಅಲ್ಲಿ ನಿಲ್ಲಲಿಲ್ಲ ಎಂಬುದನ್ನು ನೆನಪಿಡಬೇಕು.

ನಮ್ಮ ವಾದಕ್ಕೆ ಎದುರು ಮಾತು ಇಲ್ಲವೆಂದಲ್ಲ. ನೆದರ್ಲೆಂಡ್ಸ್ ಸರಕಾರ ವಿಧಿಸಿದ್ದ ಒಂದು ಕೋಟಿ ಯೂರೋ ದಂಡವನ್ನು ಅಲ್ಲಿನ ಉಚ್ಚ ಆಡಳಿತ ನ್ಯಾಯಾಲಯ 2022ರ ಮಾರ್ಚಿನಲ್ಲಿ ರದ್ದುಮಾಡಿತು: ಪೊಟ್ಟಣ ಒಡೆಯುವುದು ಸ್ವತಂತ್ರ ಆಟವಲ್ಲ, ಕೌಶಲದ ದೊಡ್ಡ ಆಟದ ಒಂದು ಅಂಗ ಎಂದು. ಕಾನೂನಿನ ಲೆಕ್ಕ ಅದಿರಬಹುದು, ನಮ್ಮ ತಕರಾರೇ ಅದು. ಒಳ್ಳೆಯ ಆಟದ ಅಂಗವಾಗಿರುವುದರಿಂದಲೇ ಅದು ಅಪಾಯ. ಹಾಲಿನೊಳಗೆ ಬೆರೆತ ಮೇಲೆ ನೀರನ್ನು ಬೇರ್ಪಡಿಸುವುದು ಕಷ್ಟ. ಹಣ ಕೊಡದೆಯೂ ಆಡಬಹುದಲ್ಲ ಎನ್ನುವವರಿಗೆ ಇನ್ನೊಂದು ಅಂಕಿ: 2021ರ ಮಾರ್ಚಿಗೆ ಮುಗಿದ ವರ್ಷದಲ್ಲಿ ತನ್ನ ಕ್ರೀಡಾ ಆಟಗಳ ಅಲ್ಟಿಮೇಟ್ ಟೀಮ್ ವಿಭಾಗದಿಂದಲೇ ಕಂಪೆನಿಗೆ ಬಂದ ಆದಾಯ 162 ಕೋಟಿ ಡಾಲರು. ಇಷ್ಟು ಹಣ ಯಾರೂ ಕೊಡದೆ ಬಂತೇ?

ಕಳೆದ ಹುಟ್ಟುಹಬ್ಬಕ್ಕೆ ಮಗ ನಮ್ಮನ್ನು ಕೇಳಿದ್ದು ಚೆಂಡನ್ನಲ್ಲ, ಬೂಟನ್ನಲ್ಲ, ಪಾಯಿಂಟುಗಳನ್ನು. ಇಲ್ಲವೆಂದೆವು. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅವನಮ್ಮ ಕಾಗದ ಪೆನ್ಸಿಲು ಹಿಡಿದು, ಒಂದರಿಂದ ನೂರರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ, "ನೂರನೆಯದು ಎತ್ತು ನೋಡೋಣ, ಪ್ರತಿ ಸಲಕ್ಕೂ ನಿನ್ನ ಒಂದು ರೂಪಾಯಿ" ಎಂದಳು. ಎತ್ತಿದ ಚೀಟಿ ಪ್ರತಿ ಸಲವೂ ಡಬ್ಬಿಗೆ ಮರಳುತ್ತಿತ್ತು. ಮೂವತ್ತೆಂಟು ರೂಪಾಯಿ ಕಳೆದುಕೊಂಡ ಮೇಲೆ ಡಬ್ಬಿ ಮುಚ್ಚಿಟ್ಟ. ಹಣ ಅವನಿಗೆ ಮರಳಿ ಕೊಡಬೇಕಿತ್ತೇ ಎಂಬ ಬಗ್ಗೆ ನಮ್ಮಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಆದುದರಿಂದ ಸಮಿತಿಗೆ ನಮ್ಮ ಸೂಚನೆ: ಪಂದ್ಯ ನಡೆಯಲಿ. ಒಂದೇ ಪರದೆ, ಎರಡು ಕಂಟ್ರೋಲರ್, ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿ. 'ಕಿಕ್ ಆಫ್' ಭಾಗ ಮಾತ್ರ, ಎಲ್ಲರಿಗೂ ತೆರೆದಿರುವ ತಂಡಗಳು ಮಾತ್ರ. ಅಲ್ಟಿಮೇಟ್ ಟೀಮಿನ ಬಾಗಿಲು ಆ ದಿನ ತೆರೆಯಬಾರದು. ಪಾಲಕರು ಮಕ್ಕಳಿಗೆ ತಮ್ಮ ಖಾತೆಯನ್ನೇ ಬಿಟ್ಟುಕೊಡದೆ, ಕನ್ಸೋಲಿನಲ್ಲಿ ಮಕ್ಕಳ ಖಾತೆಯನ್ನು ಬೇರೆಯಾಗಿಯೇ ತೆರೆದು ತಿಂಗಳ ಖರ್ಚಿನ ಮಿತಿಯ ಜಾಗದಲ್ಲಿ ಸೊನ್ನೆ ಇಡಲಿ. ಐದು ನಿಮಿಷದ ಕೆಲಸ. ತಿಳಿಯದವರು ಭಾನುವಾರ ಸಂಜೆ ವಾಚನಾಲಯಕ್ಕೆ ಬಂದರೆ ನಮ್ಮ ಮಗನೇ ತೋರಿಸಿಕೊಡುತ್ತಾನೆ.